ಊಟಕ್ಕೆ ಮುಂಚೆ ಒಂದು ಹಿಡಿ ಬಾದಾಮಿ

“ಬಾಯಲ್ಲೇನಿದೆ?”

ಬೆನ್ನ ಹಿಂದಿನಿಂದ ಬಂದ ಆ ಗಂಡುದನಿಗೆ ಅವಳು ಬೆಚ್ಚಿಬಿದ್ದಳು. ಬಾಯಿ ತುಂಬ ಬಾದಾಮಿ! ಅಗಿಯುವಂತಿಲ್ಲ, ನುಂಗುವಂತಿಲ್ಲ... ಹೊರಗೆ ತೆಗೆಯುವಂತಂತೂ ಇಲ್ಲವೇ ಇಲ್ಲ.

ಅದು ಚಹಾ ಕಂಪನಿಯ ಹಿಂಬದಿಯ ಮೆಟ್ಟಿಲು. ಯಾರೂ ಓಡಾಡದ ಜಾಗ ಎಂದೇ ಅವಳು ಅಲ್ಲಿಗೆ ಬಂದು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಈಗ ತಿರುಗಿ ನೋಡಿದರೆ ಕೆಳಗಿನ ಮೆಟ್ಟಿಲಲ್ಲಿ ಒಬ್ಬ ಅಪರಿಚಿತ! ಹೆಗಲಿಗೆ ಚೀಲ ಹಾಕಿಕೊಂಡು, ತಲೆ ಓರೆ ಮಾಡಿ, ಅವಳ ಉಬ್ಬಿದ ಕೆನ್ನೆಯನ್ನೂ ಕೈಯಲ್ಲಿದ್ದ ಬಾದಾಮಿಯನ್ನೂ ನೋಡುತ್ತಿದ್ದಾನೆ.

“ಬಿಳಿ ಏಪ್ರನ್ ಹಾಕಿದ್ದೀರಿ. ಅಂದ್ರೆ ನೀವು ಟೀ ಟೇಸ್ಟರ್,” ಎಂದ ಅವನು ನಗುತ್ತ. “ಇನ್ನೇನು ಟೇಸ್ಟಿಂಗ್ ಶುರುವಾಗುತ್ತೆ. ಈಗ ಬಾದಾಮಿ ತಿಂತಿದ್ದೀರಲ್ಲ, ನಾಲಿಗೆಗೆ ಇವತ್ತು ರಜೆನಾ?”

ಅವಳಿಗೆ ಕೆಮ್ಮು ನುಗ್ಗಿ ಬಂತು. ಅವನು ಗಾಬರಿಯಾಗಿ ನೀರಿನ ಬಾಟಲಿ ಚಾಚಿದ. ಅವಳು ಅದನ್ನು ತಳ್ಳಿದ ರಭಸಕ್ಕೆ ನೀರೆಲ್ಲ ಅವನ ಇಸ್ತ್ರಿ ಮಾಡಿದ ಅಂಗಿಯ ಮೇಲೆ!

“ನೀವ್ಯಾರ್ರೀ ನನ್ನ ಬಾಯಿ ತಪಾಸಣೆ ಮಾಡೋಕೆ? ಹಲ್ಲಿನ ಡಾಕ್ಟರಾ?”

“ಅಲ್ಲ, ಇವತ್ತೇ ಕೆಲಸಕ್ಕೆ ಸೇರ್ತಿದ್ದೀನಿ. ಮುಂದಿನ ಬಾಗಿಲು ಎಲ್ಲಿ ಅಂತ ಗೊತ್ತಾಗ್ಲಿಲ್ಲ...”

“ಅಷ್ಟು ದೊಡ್ಡ ಬಾಗಿಲು ಕಾಣಿಸ್ಲಿಲ್ಲ. ನನ್ನ ಬಾಯಲ್ಲಿರೋದು ಮಾತ್ರ ಕಾಣಿಸ್ತು!”

ದಡದಡ ಮೆಟ್ಟಿಲು ಹತ್ತಿ ಹೋದಳು. ನೋಡಿದವರಿಗೆ ಅದು ಕೋಪದಂತೆ ಕಂಡರೂ ಒಳಗಿದ್ದದ್ದು ಬರೀ ಭಯ.

ಅವಳ ಭಯಕ್ಕೆ ಕಾರಣವಿತ್ತು.

ತಿಂಗಳ ಹಿಂದೆ ಡಾಕ್ಟರಮ್ಮ ರಕ್ತ ಪರೀಕ್ಷೆಯ ಫಲಿತಾಂಶ ನೋಡಿ ಹೇಳಿದ್ದರು: “ಸಕ್ಕರೆ ಗಡಿಯಲ್ಲಿದೆಯಮ್ಮ. ಇನ್ನೂ ದಾಟಿಲ್ಲ. ಮಾತ್ರೆ ಬೇಡ. ದಿನಾ ನಡೀಬೇಕು, ತಟ್ಟೆಯಲ್ಲಿ ಸ್ವಲ್ಪ ಕಡಿಮೆ ಮಾಡ್ಕೋಬೇಕು. ಊಟಕ್ಕೆ ಅರ್ಧ ಗಂಟೆ ಮುಂಚೆ ಒಂದು ಹಿಡಿ ಬಾದಾಮಿ ತಿನ್ನು. ಊಟ ಆದ್ಮೇಲೆ ಸಕ್ಕರೆ ಒಂದೇ ಸಲ ಜಿಗಿಯೋದನ್ನ ಅದು ಸ್ವಲ್ಪ ತಡೆಯುತ್ತೆ. ಮಂತ್ರ ಅಲ್ಲ ಅದು, ಆದ್ರೆ ಸಹಾಯ ಆಗುತ್ತೆ.”

ಕೇಳಲು ಎಷ್ಟು ಸುಲಭ! ಆದರೆ ಊಟಕ್ಕೆ ಅರ್ಧ ಗಂಟೆ ಮುಂಚೆ ಅವಳು ಇರುವುದು ಟೇಸ್ಟಿಂಗ್ ಕೋಣೆಯಲ್ಲಿ. ಊಟದ ಗಂಟೆ ಹೊಡೆಯುವವರೆಗೂ ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಟ್ಟ ಬಿಳಿ ಪಿಂಗಾಣಿ ಕಪ್ಪುಗಳಿಂದ ಚಮಚದಲ್ಲಿ ಚಹಾ ತೆಗೆದು, ಸುರ್ರನೆ ಎಳೆದು, ನಾಲಿಗೆಯ ಮೇಲೆ ಹೊರಳಿಸಿ, ಉಗಿದು, ಅದರ ಗುಣ ಹೇಳಬೇಕು. ಆ ಕೋಣೆಗೆ ಸೆಂಟು ಹಾಕಿಕೊಂಡು ಬರುವಂತಿಲ್ಲ, ಈರುಳ್ಳಿ ತಿಂದು ಬರುವಂತಿಲ್ಲ. ಬಾದಾಮಿಯಂತೂ ಕೂಡದು. ಅದರ ಎಣ್ಣೆ ನಾಲಿಗೆಯ ಮೇಲೆ ಪೊರೆ ಕಟ್ಟಿದರೆ ಚಹಾದ ಸಣ್ಣ ದೋಷಗಳೆಲ್ಲ ತಪ್ಪಿಸಿಕೊಂಡುಬಿಡುತ್ತವೆ.

ಮುಖ್ಯ ಟೇಸ್ಟರ್ ಬೇರೆ ನಿವೃತ್ತರಾಗುವವರಿದ್ದರು. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ‘ದೊಡ್ಡವರು’ ಎಂದು. ಆ ಜಾಗ ತನಗೆ ಸಿಗಬೇಕು ಎಂಬುದು ಅವಳ ಬಹುಕಾಲದ ಆಸೆ. ಸಕ್ಕರೆಯ ವಿಷಯ ಹೊರಬಿದ್ದರೆ? ಹಿಂದೆ ಒಬ್ಬ ಹಿರಿಯ ಟೇಸ್ಟರನ್ನು ಪ್ಯಾಕಿಂಗ್ ವಿಭಾಗಕ್ಕೆ ಕಳಿಸಿದ್ದರು. “ಸಕ್ಕರೆ ಕಾಯಿಲೆ ಬಂತಂತೆ, ನಾಲಿಗೆ ಹೋಯ್ತಂತೆ” ಎಂದು ಕಂಪನಿಯಲ್ಲೆಲ್ಲ ಗುಸುಗುಸು. ಅದನ್ನು ಅವಳು ಮರೆತಿರಲಿಲ್ಲ.

ಅದಕ್ಕೇ ಈ ಕಳ್ಳತನ. ಟೇಸ್ಟಿಂಗ್ ಶುರುವಾಗುವ ಮುಂಚೆ ಮೆಟ್ಟಿಲಲ್ಲಿ ನಿಂತು ಬಾದಾಮಿ, ಆಮೇಲೆ ಬಿಸಿನೀರಲ್ಲಿ ಬಾಯಿ ಮುಕ್ಕಳಿಸುವುದು. ಇವತ್ತು ಅದೂ ಸಿಕ್ಕಿಬಿತ್ತು!

*

“ಇವರು ನಮ್ಮ ಹೊಸ ಟೇಸ್ಟರು,” ಎಂದರು ದೊಡ್ಡವರು.

ಒದ್ದೆ ಅಂಗಿಯವನು ಮೇಜಿನ ಆ ಕಡೆ ನಿಂತು ತಲೆಬಾಗಿಸಿದ.

“ಮೊದಲನೇ ದಿನವೇ ಅಂಗಿಗೆ ಏನಪ್ಪ ಆಯ್ತು?”

“ದಾರೀಲಿ ಮಳೆ ಬಂತು ಸಾರ್.”

ಕಿಟಕಿಯ ಹೊರಗೆ ಬಿಸಿಲು ಸುಡುತ್ತಿತ್ತು. ನೀರು ಕಾಯಿಸಿ ಕಪ್ಪುಗಳಿಗೆ ಹುಯ್ಯುವ ಕೆಟಲ್ ಅಕ್ಕ ಒಮ್ಮೆ ಕಿಟಕಿಯತ್ತ, ಒಮ್ಮೆ ಇವನತ್ತ ನೋಡಿ, ಒಂದು ಒಣ ಟವೆಲ್ ತಂದು ಅವನ ಕೈಗಿಟ್ಟಳು.

ಟೇಸ್ಟಿಂಗ್ ಶುರುವಾಯಿತು. ಅವಳು ಮುಂದೆ, ಅವನು ಹಿಂದೆ. ಕಪ್ಪಿನಿಂದ ಕಪ್ಪಿಗೆ ಸಾಗಿದರು. ಕೊನೆಗೆ ದೊಡ್ಡವರು ಒಂದು ಕಪ್ಪಿನ ಮುಂದೆ ನಿಂತರು.

“ಇದಕ್ಕೇನು ಹೇಳ್ತೀಯಮ್ಮ?”

“ಒಳ್ಳೇ ಮಾಲು. ದೋಷ ಇಲ್ಲ ಸಾರ್.”

ದೊಡ್ಡವರ ಹುಬ್ಬು ಮೇಲೇರಿತು. “ನೀನಪ್ಪ?”

ಅವನು ಮತ್ತೊಮ್ಮೆ ಸುರ್ರನೆ ಎಳೆದ. ಅವಳತ್ತ ಒಮ್ಮೆ ನೋಡಿದ.

“ಚೂರು ಹೊಗೆ ವಾಸನೆ ಇದೆ ಸಾರ್. ಆದ್ರೆ ನಾನು ಕುಡಿದಾಗ ಕಪ್ಪು ಆರಿತ್ತು. ಆರಿದ ಮೇಲೆ ಹೊಗೆ ಎದ್ದು ಬರುತ್ತೆ. ಅವರು ಬಿಸಿ ಇದ್ದಾಗ ನೋಡಿದ್ದಾರೆ, ಸಿಕ್ಕಿರಲಿಕ್ಕಿಲ್ಲ.”

“ಹ್ಞೂಂ...” ಎಂದು ದೊಡ್ಡವರು ಮುಂದೆ ಹೋದರು.

ಅವಳ ಕಿವಿ ಬಿಸಿಯಾಯಿತು. ಬಿಸಿ ಇದ್ದರೂ ಸರಿ, ಆರಿದ್ದರೂ ಸರಿ, ಹೊಗೆ ವಾಸನೆ ಅವಳ ನಾಲಿಗೆಯಿಂದ ಇದುವರೆಗೂ ತಪ್ಪಿಸಿಕೊಂಡಿರಲಿಲ್ಲ. ಇವತ್ತು ತಪ್ಪಿದ್ದು ಬಾದಾಮಿಯಿಂದ ಎಂದು ಅವನಿಗೂ ಗೊತ್ತು. ಬಾದಾಮಿಯ ಕಥೆ ಗೊತ್ತಿದ್ದೂ ಅವನು ತನ್ನನ್ನು ಉಳಿಸಿದ!

ಕರುಣೆ ತೋರಿಸ್ತಾನಾ ನನಗೆ? ನಿನ್ನೆ ಮೊನ್ನೆ ಬಂದವನು... ಅಲ್ಲ, ಇವತ್ತು ಬಂದವನು!

ಕೋಣೆಯಿಂದ ಹೊರಬರುವಾಗ ಹಲ್ಲು ಕಚ್ಚಿ ಹೇಳಿದಳು, “ನನ್ನ ಪರವಾಗಿ ವಕಾಲತ್ತು ಮಾಡಿ ಅಂತ ಯಾರೂ ಕೇಳಿರಲಿಲ್ಲ.”

“ನೀವು ನನ್ನ ಅಂಗಿ ಒಗೆದುಕೊಟ್ರಿ. ಅದನ್ನೂ ನಾನು ಕೇಳಿರಲಿಲ್ಲ,” ಎಂದ ಅವನು.

ಹಿಂದೆ ಕೆಟಲ್ ಅಕ್ಕ ಕಿಸಕ್ಕನೆ ನಕ್ಕಳು. “ಹೊಸಬರೇ, ಹುಷಾರು. ಈ ಕೋಣೆಗೆ ಖಾರ ತರಬಾರದು ಅಂತ ರೂಲ್ಸು. ಅದಕ್ಕೇ ಇವರನ್ನ ನಾವು ಬೆನ್ನ ಹಿಂದೆ ಮೆಣಸಿನಕಾಯಿ ಅಂತೀವಿ.”

“ಅಕ್ಕಾ!”

“ಈಗ ಮುಂದೇನೇ ಅಂದೆ ಬಿಡಿ.”

*

ಮರುದಿನದಿಂದ ಅವಳು ಬಾದಾಮಿ ತಿನ್ನುವುದನ್ನೇ ಬಿಟ್ಟಳು. ನಾಲಿಗೆ ಮುಖ್ಯ. ರಕ್ತ ಏನಾದರೂ ಮಾಡಿಕೊಳ್ಳಲಿ!

ಆದರೆ ಮನೆಯಲ್ಲಿ ಅತ್ತೆ ಇದ್ದಳಲ್ಲ. ಅತ್ತೆ ಎಂದರೆ ಅಪ್ಪನ ಅಕ್ಕ, ತಾಯಿ ಇಲ್ಲದ ಇವಳನ್ನು ಎದೆಗವಚಿ ಬೆಳೆಸಿದವಳು. ರಾತ್ರಿಯೇ ಬಾದಾಮಿ ಆರಿಸಿ, ಮುರುಕಲು ತೆಗೆದು, ಪುಟ್ಟ ಡಬ್ಬಿಗೆ ತುಂಬಿ, ಅವಳ ಚಪ್ಪಲಿಯ ಪಕ್ಕದಲ್ಲೇ ಇಡುತ್ತಿದ್ದಳು. ಚಪ್ಪಲಿ ಮರೆತು ಯಾರೂ ಹೋಗುವುದಿಲ್ಲವಲ್ಲ!

ಅವಳು ಚಪ್ಪಲಿ ಹಾಕಿಕೊಂಡಳು. ಡಬ್ಬಿಯನ್ನು ಬೇಕೆಂದೇ ಅಲ್ಲೇ ಬಿಟ್ಟಳು.

ಅತ್ತೆ ಬಿಡುವವಳೇ? ಬಸ್ಸು ಹಿಡಿದು ಕಂಪನಿಯ ಗೇಟಿಗೇ ಬಂದಳು. ಯಾರಿಗೂ ಹೇಳಬಾರದು ಎಂದು ಸೊಸೆ ಆಣೆ ಹಾಕಿಸಿದ್ದಳು. ಅತ್ತೆ ಆಣೆಯನ್ನು ಪೂರ್ತಿ ನೆನಪಿಟ್ಟುಕೊಂಡೇ, ಎದುರಿಗೆ ಮೊದಲು ಸಿಕ್ಕ ಬಿಳಿ ಏಪ್ರನ್‌ನವನಿಗೆ ಎಲ್ಲ ಹೇಳಿಬಿಟ್ಟಳು.

“ಯಾರಿಗೂ ಹೇಳ್ಬೇಡಪ್ಪ. ನಮ್ಮ ಹುಡುಗಿಗೆ ಸಕ್ಕರೆ ಗಡಿಗೆ ಬಂದು ನಿಂತಿದೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಇದನ್ನ ತಿನ್ನಬೇಕು. ನೆನಪು ಮಾಡು. ಬೈತಾಳೆ, ಬೈಸ್ಕೋ. ಬೈದ ಮೇಲೆ ತಿಂತಾಳೆ. ನಿನಗೆ ಮದುವೆ ಆಗಿದೆಯಾ?”

“ಇ... ಇಲ್ಲ.”

“ಸರಿ, ಸರಿ. ಸುಮ್ಮನೆ ಕೇಳ್ದೆ.”

ಊಟದ ಗಂಟೆ ಹೊಡೆದ ಮೇಲೆ ಅವನು ಕಾರಿಡಾರಿನಲ್ಲಿ ಡಬ್ಬಿ ಚಾಚಿದಾಗ ಅವಳ ಮುಖ ಬಿಳಿಚಿಕೊಂಡಿತು.

“ಇದು ನಿಮ್ಮ ಕೈಗೆ ಹೇಗೆ ಬಂತು?”

“ನಿಮ್ಮ ಅತ್ತೆ ಕೊಟ್ರು. ಅರ್ಧ ಗಂಟೆ ಮುಂಚೆ ಕೊಡಬೇಕಿತ್ತು... ಆಗ ನೀವು ಮೇಜಿನ ಹತ್ರ ಇದ್ರಿ. ಕಷ್ಟ ಅರ್ಥ ಆಯ್ತು ನನಗೆ.”

“ಏನು ಅರ್ಥ ಆಯ್ತು? ಹೇಳಿ! ಏನರ್ಥ ಆಯ್ತು ನಿಮಗೆ?” ಅವಳು ಡಬ್ಬಿಯನ್ನು ಅವನತ್ತಲೇ ತಳ್ಳಿದಳು. “ಸುಲಭ ಆಯ್ತಲ್ಲ ನಿಮಗೆ! ದೊಡ್ಡವರ ಕಿವೀಲಿ ಒಂದು ಮಾತು ಹಾಕಿದ್ರೆ ಮುಗೀತು. ಮೆಣಸಿನಕಾಯಿ ಪ್ಯಾಕಿಂಗ್‌ಗೆ, ಹೊಸಬರು ಮುಖ್ಯಸ್ಥರ ಕುರ್ಚಿಗೆ!”

“ನಾನು ಹೇಳಲ್ಲ.”

“ನಂಬಬೇಕಾ?”

“ಬೇಡ. ನಂಬೋದಿದ್ರೆ ನಂಬಿ. ಬಾದಾಮಿ ಮಾತ್ರ ತಿನ್ನಿ,” ಎಂದು ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟುಹೋದ.

ಎರಡು ದಿನ ಕಳೆದಿರಲಿಲ್ಲ. ದೊಡ್ಡವರು ಎಲ್ಲರನ್ನೂ ಕರೆದರು.

“ನಾಳೆಯಿಂದ ಟೇಸ್ಟಿಂಗ್ ಬೇಗ ಶುರು. ಊಟಕ್ಕೆ ಅರ್ಧ ಗಂಟೆ ಇದೆ ಅನ್ನೋವಾಗ್ಲೇ ಮುಗೀಬೇಕು. ನಮ್ಮಲ್ಲಿ ಒಬ್ಬರ ಆರೋಗ್ಯದ ಸಲುವಾಗಿ ಈ ಬದಲಾವಣೆ.”

ಅವಳು ಥಟ್ಟನೆ ಅವನತ್ತ ತಿರುಗಿದಳು.

ಹೇಳಿಬಿಟ್ಟ... ಹೇಳಿಯೇಬಿಟ್ಟ!

ಎಲ್ಲರೂ ಚದುರಿದ ಮೇಲೆ ಅವನನ್ನು ಅದೇ ಹಿಂಬದಿ ಮೆಟ್ಟಿಲಿಗೆ ಕರೆದೊಯ್ದಳು.

“ನಾಚಿಕೆ ಆಗಲ್ವಾ? ಒಬ್ಬ ಮುದುಕಿ ನಿಮ್ಮನ್ನ ನಂಬಿ ಹೇಳಿದ್ದು! ಆ ಕುರ್ಚಿ ಬೇಕಿದ್ರೆ ನಾಲಿಗೆಯಿಂದ ಗೆಲ್ಲಬೇಕಿತ್ತು. ಹೀಗೆ ಚಾಡಿ ಹೇಳಿ ಅಲ್ಲ!”

“ನಾನು ಹೇಳಿದ್ದು ನಿಜ. ಆದ್ರೆ...”

“ಆದ್ರೆ ಏನು? ನನ್ನ ಒಳ್ಳೇದಕ್ಕಾ?”

“ಆದ್ರೆ ನಿಮ್ಮ ವಿಷಯ ಅಲ್ಲ.” ಅವನು ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದ. ಒಳಗೆ ಬಾದಾಮಿ. “ನನ್ನ ವಿಷಯ. ನನಗೂ ಸಕ್ಕರೆ ಇದೆ.”

ಅವಳ ಬಾಯಿ ತೆರೆದದ್ದು ಹಾಗೇ ಉಳಿಯಿತು.

“ನಿಮಗೂ...?”

“ಹ್ಞೂಂ.”

“ಮೊದಲೇ ಹೇಳೋಕೆ ಏನಾಗಿತ್ತು?” ಎಂದು ಮತ್ತೆ ಗದರಿದಳು. ಏಕೆಂದರೆ ಬೇರೆ ಏನು ಹೇಳಬೇಕೆಂದು ಅವಳಿಗೆ ತೋಚಲಿಲ್ಲ.

*

ಅಂದಿನಿಂದ ಕಂಪನಿಯವರೆಲ್ಲ ಅವನ ಹಿಂದೆ ಬಿದ್ದರು.

ಲೆಕ್ಕಪತ್ರದ ವಿಭಾಗದವರು ಕಹಿ ಕಷಾಯ ತಂದುಕೊಟ್ಟರು. ಗೋದಾಮಿನವರು ಬರಿಗಾಲಲ್ಲಿ ನಡೆಯಲು ಹೇಳಿದರು. ಯಾರದೋ ಹುಟ್ಟುಹಬ್ಬಕ್ಕೆ ಕೇಕು ಬಂದರೆ ಅವನ ತಟ್ಟೆಯಲ್ಲಿ ಸೌತೆಕಾಯಿ! ಕೆಟಲ್ ಅಕ್ಕನಂತೂ ಅವನ ಚಹಾಕ್ಕೆ ಸಕ್ಕರೆ ಹಾಕುವುದಿರಲಿ, ಸಕ್ಕರೆ ಡಬ್ಬವನ್ನೇ ಅವನ ಕಣ್ಣಿಗೆ ಬೀಳದಂತೆ ಬಚ್ಚಿಟ್ಟಳು.

ಅವನು ಕಷಾಯ ಕುಡಿಯುವಾಗ ಮಾಡುವ ಮುಖ ನೋಡಿ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

ಟೇಸ್ಟಿಂಗ್ ಮುಗಿದ ಮೇಲೆ ಇಬ್ಬರೂ ಕಾರಿಡಾರಿನ ಕಿಟಕಿ ಕಟ್ಟೆಯ ಮೇಲೆ ಕೂರುತ್ತಿದ್ದರು. ಅವನ ಡಬ್ಬಿ, ಅವಳ ಡಬ್ಬಿ. ಯಾರಾದರೂ ಕೇಳಿದರೆ, “ಅವರೊಬ್ಬರೇ ತಿನ್ನೋಕೆ ಬೇಜಾರಂತೆ, ಜೊತೆ ಕೊಡ್ತಿದ್ದೀನಿ” ಎನ್ನುತ್ತಿದ್ದಳು. ಎಷ್ಟು ಸುಲಭವಾಗಿ ಅವಳ ಗುಟ್ಟು ಅವನ ಗುಟ್ಟಿನ ನೆರಳಲ್ಲಿ ಅಡಗಿಕೊಂಡಿತು! ಅದನ್ನು ಅವಳು ಯೋಚಿಸಲೇ ಇಲ್ಲ.

ಬೇರೆ ಕೆಲವನ್ನು ಗಮನಿಸಿದಳು. ತನ್ನ ಚಮಚವನ್ನು ಯಾರೋ ದಿನವೂ ಬಿಸಿನೀರಲ್ಲಿ ತೊಳೆದು, ಹಿಡಿ ತನ್ನ ಕಡೆ ಬರುವಂತೆ ಇಡುತ್ತಾರೆ. ಅತ್ತೆ ಗೇಟಿಗೆ ಬಂದ ದಿನ ಅವಳನ್ನು ಬಸ್ಸು ಹತ್ತಿಸಿ, ಕಿಟಕಿ ಪಕ್ಕದ ಸೀಟು ಕೊಡಿಸಿದ್ದು ಇವನೇ ಎಂದು ಅತ್ತೆಯಿಂದ ಗೊತ್ತಾಯಿತು.

“ನಿಮ್ಮ ಮನೇಲಿ ಯಾರಿಗಾದ್ರೂ ಸಕ್ಕರೆ ಇತ್ತಾ?” ಒಮ್ಮೆ ಕೇಳಿದಳು.

ಅವನ ನಗು ಆರಿತು. “ಅಮ್ಮನಿಗೆ. ಹೊಲಿಗೆ ಕಾರ್ಖಾನೇಲಿ ಇದ್ಲು. ಕೆಲಸ ಹೋಗುತ್ತೆ ಅಂತ ಯಾರಿಗೂ ಹೇಳ್ಲಿಲ್ಲ. ಮೆಟ್ಟಿಲ ಮೂಲೇಲಿ ನಿಂತು ಕದ್ದು ಮಾತ್ರೆ ನುಂಗ್ತಿದ್ಲು. ಆಮೇಲೆ ಅದನ್ನೂ ಬಿಟ್ಲು. ಸೂಜಿಗೆ ದಾರ ಪೋಣಿಸೋಕೆ ಕಣ್ಣು ಕಾಣಿಸ್ತಿಲ್ಲ ಅಂದಾಗ್ಲೇ ನಮಗೆ ಗೊತ್ತಾಗಿದ್ದು.”

ತನ್ನ ಡಬ್ಬಿಯಲ್ಲಿದ್ದ ದೊಡ್ಡ ಬಾದಾಮಿಯನ್ನು ಆರಿಸಿ ಅವನ ಡಬ್ಬಿಗೆ ಹಾಕಿದಳು.

ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ‘ಛೇ, ಎಷ್ಟು ಬೈದುಬಿಟ್ಟೆ ಅವನಿಗೆ...’ ಎಂದುಕೊಂಡಳು. ಹಾಗೆ ಅವನನ್ನು ನೆನೆಯುವಾಗ ತುಟಿಯಂಚಿನಲ್ಲಿ ನಗು ಏಕೆ ಬಂತೋ!

ಮುಂದಿನ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಗಡಿಯಿಂದ ತುಸು ಹಿಂದೆ ಸರಿದಿತ್ತು. ಡಾಕ್ಟರಮ್ಮ ಬೆನ್ನು ತಟ್ಟಿದಾಗ ಅವಳಿಗೆ ಮೊದಲು ಹೇಳಬೇಕೆನಿಸಿದ್ದು ಅತ್ತೆಗಲ್ಲ.

*

ಕೊನೆಗೂ ಆ ದಿನ ಬಂತು. ದೊಡ್ಡವರು ಟೇಸ್ಟಿಂಗ್ ಮುಗಿಸಿ, ಚಮಚ ಕೆಳಗಿಟ್ಟು ಹೇಳಿದರು, “ನನ್ನ ಜಾಗಕ್ಕೆ ಇವಳು ಬರ್ತಾಳೆ.”

ಚಪ್ಪಾಳೆ! ಕೆಟಲ್ ಅಕ್ಕ ಅವಳ ಗಲ್ಲ ಹಿಂಡಿದಳು. ಕೇಕು ಬಂತು. ಗಲಾಟೆಯಲ್ಲಿ ಅವಳ ಕಣ್ಣು ಅವನನ್ನು ಹುಡುಕಿತು. ಅವನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದ. ಆಮೇಲೆ ಕಾಣಲಿಲ್ಲ.

ಆಗ ಬೆನ್ನ ಹಿಂದೆ ಯಾರೋ ಪಿಸುಗುಟ್ಟಿದ್ದು ಕಿವಿಗೆ ಬಿತ್ತು.

“ಪಾಪ ಹೊಸಬರು! ಒಳ್ಳೇ ನಾಲಿಗೆ. ಸಕ್ಕರೆ ಒಂದು ಇಲ್ಲದಿದ್ರೆ ಆ ಜಾಗ ಅವರಿಗೇ ಸಿಕ್ತಿತ್ತೇನೋ.”

“ಹೌದು ಮತ್ತೆ. ಕಾಯಿಲೆಯವರಿಗೆ ಯಾರು ಕೊಡ್ತಾರೆ?”

ಅವಳ ಕೈಯಲ್ಲಿದ್ದ ಕೇಕಿನ ತಟ್ಟೆ ಭಾರವಾಯಿತು. ಅವನು ಹೇಳಿಕೊಂಡ, ಅವನಿಗೆ ಜಾಗ ತಪ್ಪಿತು. ನಾನು ಮುಚ್ಚಿಟ್ಟೆ, ನನಗೆ ಸಿಕ್ಕಿತು. ಇದೆಂಥ ನ್ಯಾಯ?

ತನ್ನ ಬಾದಾಮಿ ಡಬ್ಬಿ ತೆಗೆದುಕೊಂಡು ಹುಡುಕುತ್ತ ಹೊರಟಳು. ಒಬ್ಬನೇ ಎಲ್ಲೋ ಕೂತು ನೊಂದುಕೊಳ್ಳುತ್ತಿರಬಹುದು. ಏನು ಹೇಳಲಿ? ಹೇಗೆ ಸಮಾಧಾನ ಮಾಡಲಿ?

ಗೋದಾಮಿನಲ್ಲಿ ಚಹಾ ಪೆಟ್ಟಿಗೆಗಳ ಎತ್ತರದ ಸಾಲು. ಅದರ ಹಿಂದಿನಿಂದ ಏನೋ ಸಣ್ಣ ಸದ್ದು. ಅಳುತ್ತಿದ್ದಾನಾ?

ಮೆಲ್ಲಗೆ ಬಗ್ಗಿ ನೋಡಿದಳು.

ಅವನು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದ. ಎಡಗೈಯಲ್ಲಿ ಒಂದು ಕ್ರೀಮ್ ಬನ್ನು, ಬಲಗೈಯಲ್ಲಿ ಇನ್ನೊಂದು. ಎರಡೂ ಕೆನ್ನೆ ಉಬ್ಬಿದ್ದವು. ಮೂಗಿನ ತುದಿಗೆ ಕ್ರೀಮು. ಕಣ್ಣು ಮುಚ್ಚಿಕೊಂಡಿದ್ದ... ಸುಖದಿಂದ!

“ಬಾಯಲ್ಲೇನಿದೆ?!”

ಅವನು ಉರುಳಿಬೀಳುವುದೊಂದು ಬಾಕಿ.

“ಅಯ್ಯೋ! ಸಕ್ಕರೆ ಇಟ್ಕೊಂಡು ಕ್ರೀಮ್ ಬನ್ ತಿಂತೀರಾ? ಸಾಯಬೇಕು ಅಂತಿದೀರಾ? ಬಿಸಾಕಿ ಅದನ್ನ!” ಎಂದು ಕೈ ಹಿಡಿದು ಎಳೆದಳು. “ಸುಸ್ತಾಗ್ತಿದೆಯಾ? ಡಾಕ್ಟರ ಹತ್ರ ಹೋಗೋಣ, ಏಳಿ... ಏಳೀಂದ್ರೆ!”

“ಏ... ಏನೂ ಆಗಲ್ಲ.”

“ಹೇಗೆ ಆಗಲ್ಲ?”

“ಆಗಲ್ಲ ಅಂದ್ರೆ...” ಅವನು ನೆಲ ನೋಡಿದ. “ನನಗೆ ಸಕ್ಕರೆ ಇಲ್ಲ.”

ಅವಳು ಹಿಡಿದಿದ್ದ ಅವನ ಕೈ ಬಿಟ್ಟಳು.

“ಏನಂದ್ರಿ?”

“ಯಾವತ್ತೂ ಇರ್ಲಿಲ್ಲ. ಯಾರಾದ್ರೂ ಒಬ್ಬರು ತನಗಿದೆ ಅನ್ನಬೇಕಿತ್ತು, ಆಗ್ಲೇ ಸಮಯ ಬದಲಾಗ್ತಿತ್ತು. ನೀವು ಅನ್ನಲ್ಲ. ಅದಕ್ಕೇ ನಾನಂದೆ.”

ಅವಳ ಎದೆಯಲ್ಲಿ ಏನೋ ಉಕ್ಕಿ ಬಂತು. ಅದು ಪ್ರೀತಿಯೇ ಇರಬಹುದು. ಆದರೆ ಅದು ನಾಲಿಗೆಗೆ ಬರುವ ಹೊತ್ತಿಗೆ ಬೆಂಕಿಯಾಗಿತ್ತು!

“ಯಾರು ಕೇಳಿದ್ದು ನಿಮ್ಮನ್ನ? ಯಾರ್ರೀ ಕೇಳಿದ್ದು ಈ ದಾನ? ನನ್ನ ಜೀವಮಾನದ ಆಸೆ ಆ ಕುರ್ಚಿ. ನನ್ನ ನಾಲಿಗೆಗೆ ಸಿಕ್ತು ಅಂತ ಕುಣೀತಿದ್ದೆ. ಈಗ ನೋಡಿದ್ರೆ ನಿಮ್ಮ ಸುಳ್ಳಿಗೆ ಸಿಕ್ಕಿರೋದು! ನೀವು ಬಿಟ್ಟ ಎಂಜಲು!”

“ಹಾಗಲ್ಲ...”

“ದಿನಾ ಪಕ್ಕದಲ್ಲಿ ಕೂತು ಬಾದಾಮಿ ತಿಂದ್ರಲ್ಲ, ನಾನು ಎಲ್ಲ ಹೇಳ್ಕೊಂಡೆ ನಿಮ್ಮ ಹತ್ರ. ನನ್ನ ಥರ ಇನ್ನೊಬ್ಬರಿದ್ದಾರೆ ಅಂತ ಎಷ್ಟು ಧೈರ್ಯ ಬಂದಿತ್ತು ಗೊತ್ತಾ? ಅದೂ ನಾಟಕ!”

ಈ ಸಲ ಅವನಿಗೂ ಕೋಪ ಬಂತು. ದಿಗ್ಗನೆ ಎದ್ದು ನಿಂತ. ಮೂಗಿನ ಮೇಲೆ ಇನ್ನೂ ಕ್ರೀಮಿತ್ತು.

“ನಾಟಕ ಆಗಿದ್ರೆ ಆ ಕಷಾಯ ಕುಡೀತಿದ್ನಾ? ಮತ್ತೇನು ಮಾಡಬೇಕಿತ್ತು ನಾನು? ನೀನು ದಿನಾ ಡಬ್ಬಿ ಮನೇಲಿ ಬಿಟ್ಟು ಬರೋದನ್ನ ನೋಡ್ಕೊಂಡು ಸುಮ್ಮನಿರಬೇಕಿತ್ತಾ? ಗೊತ್ತಾಗದೆ ಒಂದು ಸಲ ಅಮ್ಮನ ಕಣ್ಣು ಹೋಯ್ತು. ಗೊತ್ತಿದ್ದೂ ಸುಮ್ಮನಿರೋಕೆ ನನ್ನ ಕೈಲಾಗಲ್ಲ!”

ಅವನು ‘ನೀನು’ ಎಂದದ್ದು ಇಬ್ಬರಿಗೂ ಕೇಳಿಸಿತು. ಯಾರೂ ಅದನ್ನು ತಿದ್ದಲಿಲ್ಲ.

ಅವಳು ಕಣ್ಣೊರೆಸಿಕೊಂಡು ಅವನ ಮುಂಗೈ ಬಿಗಿಯಾಗಿ ಹಿಡಿದಳು.

“ನಡೀರಿ.”

“ಎಲ್ಲಿಗೆ?”

“ದೊಡ್ಡವರ ಹತ್ರ. ಕುರ್ಚಿ ಹೋದ್ರೆ ಹೋಗ್ಲಿ. ನಿಮ್ಮ ಸುಳ್ಳಿನ ಮೇಲೆ ನಾನು ಕೂರಲ್ಲ!”

*

ದೊಡ್ಡವರು ತಮ್ಮ ಕೋಣೆಯಲ್ಲಿ ಕನ್ನಡಕ ಒರೆಸುತ್ತಿದ್ದರು.

“ಸಾರ್, ಇವರಿಗೆ ಸಕ್ಕರೆ ಇಲ್ಲ. ನನಗಿದೆ. ಗಡಿಯಲ್ಲಿತ್ತು. ಮುಚ್ಚಿಟ್ಟೆ. ಇವರು ನನಗೋಸ್ಕರ ಸುಳ್ಳು ಹೇಳಿದ್ರು. ಆ ಜಾಗ ಇವರಿಗೆ ಸೇರಬೇಕಾದ್ದು, ಇವರಿಗೇ ಕೊಡಿ.” ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ದೊಡ್ಡವರು ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು. ಅವನನ್ನು ನೋಡಿದರು. ಅವನ ಮೂಗನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು. ಅವರ ಮುಖ ಕೆಂಪಾಯಿತು.

“ತಲೆ ಕೆಟ್ಟಿದೆಯಾ ಇಬ್ಬರಿಗೂ? ಇವನಿಗೆ ಸೇರಬೇಕಾದ್ದು ಅಂತ ಯಾರಂದ್ರು ನಿನಗೆ? ಇವನು ಈ ಕಂಪನಿ ಬಾಗಿಲು ನೋಡೋ ಮುಂಚೆನೇ ಮಾಲೀಕರ ಹತ್ರ ನಿನ್ನ ಹೆಸರು ಹೇಳಿ ಆಗಿತ್ತು ನಾನು! ನೀನು ಮೇಲೆ ಹೋದ್ರೆ ನಿನ್ನ ಜಾಗಕ್ಕೆ ಒಬ್ಬರು ಬೇಕಲ್ಲ, ಅದಕ್ಕೇ ಇವನನ್ನ ತಗೊಂಡಿದ್ದು!”

ಅವಳು ಕಣ್ಣು ಪಿಳಿಪಿಳಿ ಬಿಟ್ಟಳು.

“ಹಾಗಾದ್ರೆ... ಇವರ ತ್ಯಾಗ?”

“ಯಾವ ತ್ಯಾಗ? ಇಲ್ಲದ ಕುರ್ಚಿ ಬಿಟ್ಟುಕೊಟ್ಟಿದ್ದಾನೆ ಮಹಾನುಭಾವ!”

ಅವನ ಮುಖ ಅಂದು ಕಷಾಯ ಕುಡಿದಾಗಲೂ ಅಷ್ಟು ಹುಳ್ಳಗಾಗಿರಲಿಲ್ಲ.

“ಆದ್ರೆ ಸಾರ್, ಸಕ್ಕರೆ ಬಂದ್ರೆ ನಾಲಿಗೆ ಹೋಗುತ್ತೆ ಅಂತ ಆ ಹಿರಿಯರನ್ನ ಪ್ಯಾಕಿಂಗ್‌ಗೆ...”

“ಯಾವನು ಹೇಳಿದ್ದು? ಅವನು ಶೌಚಾಲಯದಲ್ಲಿ ಕದ್ದು ಸಿಗರೇಟು ಸೇದ್ತಿದ್ದ! ಮರ್ಯಾದೆ ಹೋಗಬಾರದು ಅಂತ ನಾನು ಸುಮ್ಮನಿದ್ದೆ. ಅದನ್ನೇ ನೀವೆಲ್ಲ ಸೇರ್ಕೊಂಡು ಕಾಯಿಲೆ ಮಾಡಿದ್ರಿ.” ಅವರ ದನಿ ಇಳಿಯಿತು. “ನನ್ನನ್ನ ಬಂದು ಒಂದು ಮಾತು ಕೇಳಬಾರದಿತ್ತಾ ಮಗಳೇ? ಟೇಸ್ಟಿಂಗ್ ಅರ್ಧ ಗಂಟೆ ಮುಂಚೆ ಮಾಡೋಕೆ ನನಗೇನು ಕಷ್ಟ? ಗಡಿಯಾರ ನನ್ನ ಕೈಲೇ ಇದೆಯಲ್ಲ.”

ಅವಳು ತಲೆ ತಗ್ಗಿಸಿದಳು. ತಾನು ಅಷ್ಟು ದಿನ ಹೆದರಿದ್ದು ಈ ಮನುಷ್ಯನಿಗೇ?

“ಸಮಯ ಹೀಗೇ ಇರುತ್ತೆ. ಕುರ್ಚಿ ನಿನ್ನದೇ,” ಎಂದು ದೊಡ್ಡವರು ಅವನತ್ತ ತಿರುಗಿದರು. “ಸುಳ್ಳು ಹೇಳಿದ್ದಕ್ಕೆ ನೀನು ಇನ್ನೊಂದು ತಿಂಗಳು ಕಪ್ಪು ತೊಳೀಬೇಕು. ಮೊದಲು ಮೂಗು ತೊಳ್ಕೋ.”

*

ಮರುದಿನ ಟೇಸ್ಟಿಂಗ್ ಮುಗಿದಾಗ ಊಟಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಅವನು ತೋಳು ಮಡಿಸಿಕೊಂಡು ಸಿಂಕಿನ ಮುಂದೆ ನಿಂತಿದ್ದ. ಕಪ್ಪುಗಳ ರಾಶಿ, ಮೊಣಕೈವರೆಗೂ ಸೋಪಿನ ನೊರೆ. ಕೆಟಲ್ ಅಕ್ಕ ಎಂದೂ ಇಲ್ಲದ ಕೆಲಸ ನೆನಪಾದವಳಂತೆ ಹೊರಗೆ ಹೋದಳು. ಹೋಗುವ ಮುಂಚೆ ಬಚ್ಚಿಟ್ಟಿದ್ದ ಸಕ್ಕರೆ ಡಬ್ಬವನ್ನು ತಂದು ಅವನ ಪಕ್ಕದಲ್ಲಿ ಇಟ್ಟುಹೋದಳು.

ಅವಳು ಬಂದು ಗೋಡೆಗೆ ಒರಗಿ ನಿಂತಳು. ಕೈಯಲ್ಲಿ ಬಾದಾಮಿ ಡಬ್ಬಿ.

“ಇನ್ನೂ ಕೋಪನಾ?” ಅವನು ತಿರುಗದೆ ಕೇಳಿದ.

“ಹೌದು.”

“ಎಷ್ಟಿದೆ?”

“ತುಂಬಾ ಇದೆ. ನನ್ನ ಬಗ್ಗೆ ನನ್ನನ್ನ ಕೇಳದೆ ತೀರ್ಮಾನ ಮಾಡಿದ್ರಿ. ಇನ್ನೊಂದು ಸಲ ಹೀಗೆ ಮಾಡಿದ್ರೆ ಕೆಟಲ್ ನೀರು ತಲೆ ಮೇಲೆ ಹುಯ್ತೀನಿ.”

“ಬಿಸಿಯದಾ?”

“ಕುದಿಯೋದು!”

ಅವನು ಒಂದು ಕಪ್ಪು ತೊಳೆದು ಬೋರಲು ಹಾಕಿದ. ದನಿ ತಗ್ಗಿಸಿದ.

“ಸರಿ. ಇನ್ಮೇಲೆ ಕೇಳಿಯೇ ಮಾಡ್ತೀನಿ. ಈಗ ಒಂದು ಕೇಳಲಾ?”

ಅವಳು ಡಬ್ಬಿಯ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

“ಅದಕ್ಕೆ ಮುಂಚೆ ಇದನ್ನ ತಿನ್ನಿ. ಸಕ್ಕರೆ ಇಲ್ಲದಿದ್ರೂ ತಿನ್ನಬಹುದಂತೆ. ಅತ್ತೆ ಇವತ್ತು ಎರಡು ಹಿಡಿ ಹಾಕಿದ್ದಾಳೆ.”

“ಎರಡು ಯಾಕೆ?”

“ನನ್ನನ್ನ ಯಾಕೆ ಕೇಳ್ತೀರಾ? ನಿಮಗೆ ಮದುವೆ ಆಗಿದೆಯಾ ಅಂತ ಕೇಳಿದವಳನ್ನ ಹೋಗಿ ಕೇಳಿ!”

ಅವನು ನಕ್ಕ. ನೊರೆ ತುಂಬಿದ ಎರಡೂ ಕೈಗಳನ್ನು ಮೇಲೆತ್ತಿ ತೋರಿಸಿದ. ಅವಳು ಮುಖ ಸಿಂಡರಿಸಿದಳು. ಸುತ್ತ ನೋಡಿದಳು. ಆಮೇಲೆ ಒಂದೊಂದಾಗಿ ಬಾದಾಮಿಗಳನ್ನು ಅವನ ಬಾಯಿಗೆ ಹಾಕಿದಳು, ಕೆನ್ನೆ ಉಬ್ಬುವವರೆಗೂ.

ಅವನು ಏನೋ ಹೇಳಿದ. ಬಾದಾಮಿಯ ನಡುವೆ ಸಿಕ್ಕಿ ಒಂದು ಅಕ್ಷರವೂ ಹೊರಬರಲಿಲ್ಲ. ಆದರೆ ಅವನ ಕಣ್ಣು ತೇವವಾಗಿತ್ತು. ಅವಳಿಗೆ ಎಲ್ಲ ಅರ್ಥವಾಗಿತ್ತು.

ಆದರೂ ಬಿಡಲಿಲ್ಲ. ಏಪ್ರನ್ನಿನ ಅಂಚಿನಿಂದ ಅವನ ಕೆನ್ನೆಗೆ ಸಿಡಿದಿದ್ದ ನೊರೆ ಒರೆಸುತ್ತ ಕೇಳಿದಳು, “ಬಾಯಲ್ಲೇನಿದೆ? ಅಗಿದು, ನುಂಗಿ, ಸರಿಯಾಗಿ ಹೇಳು.”

ಅವನು ಗಡಿಬಿಡಿಯಲ್ಲಿ ಅಗಿಯತೊಡಗಿದ.

“ನಿಧಾನ... ನಿಧಾನ,” ಎಂದಳು ಅವಳು. “ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆ. ನಾನೆಲ್ಲಿಗೂ ಹೋಗಲ್ಲ.”